ಕೊತ್ತಗೆರೆಯ ಗೋಡೆಯ ತಕ್ಕಡಿ

ನಮ್ಮ ಮನೆಯೊಳಗಿನ ಮಾತು ಉರ್ದು. ಹೊಟ್ಟೆಗೆ ಅನ್ನ ಹಾಕಿದ್ದು ಕನ್ನಡದ ಅಕ್ಷರ. ತುಮಕೂರಿನಲ್ಲಿ ನನ್ನದೊಂದು ಬೋರ್ಡು ಬರೆಯುವ ಅಂಗಡಿ ಇತ್ತು. ಎಲೆಕ್ಷನ್ ಬಂತೆಂದರೆ ಗುಬ್ಬಿಯಿಂದ ಕುಣಿಗಲ್‌ವರೆಗೆ ಗೋಡೆ ಗೋಡೆಯ ಮೇಲೂ ನನ್ನ ಕೈಬರಹ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಾನು ಹೆಸರು ಬರೆಯದ ರಾಜಕಾರಣಿ ಈ ಕಡೆ ಇರಲಿಲ್ಲ ಎಂದರೆ ಜಂಬವಲ್ಲ. ಆದರೆ ಗೆದ್ದ ಮೇಲೂ ನನ್ನ ಗುರುತು ಹಿಡಿಯುತ್ತಿದ್ದವರು ಒಬ್ಬರೇ.

ಅವರನ್ನು ಎಲ್ಲರೂ ಅಧ್ಯಕ್ಷರು ಎನ್ನುತ್ತಿದ್ದರು. ಯಾವುದೋ ಕಾಲದಲ್ಲಿ ಕುಣಿಗಲ್ ತಾಲ್ಲೂಕು ಬೋರ್ಡಿನ ಅಧ್ಯಕ್ಷರಾಗಿದ್ದರು. ಕುರ್ಚಿ ಹೋದರೂ ಹೆಸರು ಉಳಿಯಿತು. ಗೆದ್ದರೂ ಸೋತರೂ ಮತ್ತೆ ಮತ್ತೆ ಪಕ್ಷೇತರರಾಗಿಯೇ ನಿಲ್ಲುತ್ತಿದ್ದರು, ಕೊನೆಗೆ ಜಿಲ್ಲಾ ಪರಿಷತ್ತಿನವರೆಗೂ ಹೋದರು. ಭಾಷಣ ಮಾತ್ರ ದೇವರಿಗೇ ಪ್ರೀತಿ. ಕೇಳುವವರಿಗಿಂತ ಮೊದಲು ಅವರಿಗೇ ಆಕಳಿಕೆ ಬರುತ್ತಿತ್ತು. ಆದರೆ ಯಾರದಾದರೂ ವೃದ್ಧಾಪ್ಯ ವೇತನ ನಿಂತಿತೆಂದರೆ ಬಸ್ಸು ಹತ್ತಿ ತಾಲ್ಲೂಕು ಆಫೀಸಿಗೆ ಹೋಗಿ, ಸಹಿ ಬೀಳುವವರೆಗೂ ಗುಮಾಸ್ತರ ಎದುರಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕಂಡಿದ್ದೇನೆ ಎನ್ನುವವರನ್ನು ನಂಬುವುದೂ ಇಲ್ಲ.

ಅವರದೊಂದು ಪದ್ಧತಿ ಇತ್ತು. ಎಲೆಕ್ಷನ್ ಮುಗಿದ ವಾರದೊಳಗೆ ಸುಣ್ಣದ ಬಕೆಟ್ ಹಿಡಿದು, ನನ್ನನ್ನೂ ಕರೆದುಕೊಂಡು, ತಮ್ಮ ಹೆಸರು ಬರೆಸಿದ ಪ್ರತಿ ಗೋಡೆಯನ್ನೂ ತಾವೇ ಬಳಿಯುತ್ತಿದ್ದರು. "ಗೋಡೆ ಅವ್ರದು ಕಣೋ. ನನ್ ಹೆಸ್ರನ್ನ ಅವ್ರು ಯಾಕೆ ಹೊತ್ಕೊಂಡಿರ್ಬೇಕು?" ಎನ್ನುತ್ತಿದ್ದರು. ಅಷ್ಟು ಮುದ್ದಾಗಿ ಬರೆದ ಅಕ್ಷರಗಳು ಸುಣ್ಣದಡಿ ಹೋಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಮೂರು ಸಲ ಅವರ ಚುನಾವಣೆಯ ಗುರುತು ತಕ್ಕಡಿಯೇ ಆಗಿತ್ತು. ನಾಲ್ಕನೆಯ ಸಲ ನಾನು ಅತಿ ಬುದ್ಧಿವಂತಿಕೆ ಮಾಡಿದೆ. ಎದುರಾಳಿಯ ಪೇಂಟರ್ ಒಳ್ಳೆಯ ಗೋಡೆಗಳನ್ನು ಹಿಡಿಯುವ ಮುಂಚೆ ನಾನೇ ಹಿಡಿಯೋಣವೆಂದು, ಗುರುತು ಹಂಚುವ ಮೊದಲೇ ಎಲ್ಲ ಕಡೆ ಹೆಸರಿನ ಪಕ್ಕ ತಕ್ಕಡಿ ಬರೆದುಬಿಟ್ಟೆ. ಆ ಸಲ ಎದುರಾಳಿಯೂ ತಕ್ಕಡಿಯನ್ನೇ ಕೇಳಿದ್ದ. ಚೀಟಿ ಎತ್ತಿದರು. ತಕ್ಕಡಿ ಅವನಿಗೆ ಹೋಯಿತು, ಅಧ್ಯಕ್ಷರಿಗೆ ಸೈಕಲ್ ಬಂತು. ಬಿದ್ದೆನೋ ಎದ್ದೆನೋ ಎಂದು ಓಡಾಡಿ ಗೋಡೆಗಳನ್ನೆಲ್ಲ ತಿದ್ದಿದೆ. ಕುಣಿಗಲ್ ಹತ್ತಿರದ ಕೊತ್ತಗೆರೆ ಊರಿನ ಹಿಂದಿನ ಓಣಿಯ ಒಂದು ಗೋಡೆ ಮರೆತೇ ಹೋಯಿತು. ಆ ಓಣಿಯವರೆಲ್ಲ ಹೇಗೂ ನಮ್ಮವರೇ ಎಂದು ಪ್ರಚಾರಕ್ಕೂ ಯಾರೂ ಅತ್ತ ಹೋಗಿರಲಿಲ್ಲ.

ಅಧ್ಯಕ್ಷರು ಸೋತರು, ಅದೂ ಕೂದಲೆಳೆಯ ಅಂತರದಲ್ಲಿ. ಆಗ ಆ ಗೋಡೆ ನೆನಪಾಯಿತು ನೋಡಿ. ವಿಷಯ ಹೊರಬಿದ್ದರೆ ಇನ್ನು ಈ ಜಿಲ್ಲೆಯಲ್ಲಿ ಯಾರು ನನಗೆ ಕೆಲಸ ಕೊಡುತ್ತಾರೆ? ಯಾರಿಗೂ ಗೊತ್ತಾಗದ ಹಾಗೆ ಅಳಿಸಿಬಿಡೋಣವೆಂದು ಮರುದಿನ ಬೆಳಿಗ್ಗೆಯೇ ಹೊರಟೆ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಬಕೆಟ್ ಹಿಡಿದು ಅವರು ಅಲ್ಲೇ ನಿಂತಿದ್ದಾರೆ!

"ಏನ್ಲಾ ಪೇಂಟರ್, ಕರೆಯೋಕ್ ಮುಂಚೇನೇ ಬಂದ್ಬುಟ್ಟಿದೀಯ? ನಡಿ, ಕೊತ್ತಗೆರೆಯಿಂದ್ಲೇ ಶುರು ಮಾಡಣ."

ಹಿಂದಿನ ಓಣಿಗೆ ಬಂದೆವು. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು. ಮುಖ ಕೆಂಪಗಾಯಿತು. ಅಷ್ಟು ವರ್ಷಗಳಲ್ಲಿ ಅವರ ಸಿಟ್ಟನ್ನು ನಾನು ಕಂಡದ್ದು ಅದೇ ಮೊದಲು.

"ಏನ್ಲಾ ಇದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಮನೆಯ ಅಜ್ಜಿ ಹೊರಗೆ ಬಂದಳು. ಅಧ್ಯಕ್ಷರನ್ನು ಕಂಡದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸೋತ್ಬುಟ್ರಂತಲ್ಲಪ್ಪ! ಯಾರ್ ಕೈ ಕೊಟ್ರೋ ಕಾಣೆ, ನಾನಂತೂ ಕೊಡ್ಲಿಲ್ಲ. ಓದಕ್ ಬರಾಕಿಲ್ಲ ಅಂತ, ನಮ್ ಗೋಡೆ ತಕ್ಕಡೀನ ಚೆಂದಾಗ್ ನೋಡ್ಕಂಡೋಗಿ, ಅದ್ರ ಮ್ಯಾಲೇ ಮುದ್ರೆ ಒತ್ತಿ ಬಂದಿವ್ನಿ."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅಧ್ಯಕ್ಷರು ಬಕೆಟ್ ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

"ಗೊತ್ತು ಕಣವ್ವ. ನಿನ್ ವೋಟು ನಂಗೇ ಬಂತು."

ಆಮೇಲೆ ಆ ಗೋಡೆಯನ್ನು ಅವರೊಬ್ಬರೇ ಬಳಿದರು. ನನಗೆ ಬ್ರಶ್ ಮುಟ್ಟಗೊಡಲಿಲ್ಲ. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಓಣಿ ದಾಟಿದೆವು. ನನಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಅಧ್ಯಕ್ಷರೇ. ಈಗ್ಲೇ ಹೋಗಿ ಆಯಮ್ಮಂಗೆ ನಿಜ ಹೇಳಿ ಬರ್ತೀನಿ" ಎಂದೆ.

"ಬಾಯ್ಮುಚ್ಚೋ. ನಿನ್ ಭಾರ ಇಳಿಸ್ಕೊಳ್ಳೋಕೆ ಅದನ್ನ ತಗೊಂಡ್ಹೋಗಿ ಆಯಮ್ಮನ್ ಮೇಲೆ ಹಾಕ್ತೀಯಾ?"

ಸ್ವಲ್ಪ ದೂರ ನಡೆದ ಮೇಲೆ ನಿಂತರು. ಸಿಟ್ಟು ಇಳಿದಿತ್ತು, ಕಣ್ಣು ಒದ್ದೆಯಾಗಿತ್ತು.

"ಇಷ್ಟ್ ವರ್ಷದಿಂದ ವೋಟು ತಗೊಂಡಿದೀನಿ ಕಣೋ. ಯಾರ್ ಹಾಕಿದ್ರು, ಯಾರ್ ಬಿಟ್ರು, ಒಂದೂ ಗೊತ್ತಿಲ್ಲ. ಇದೊಂದು ಮಾತ್ರ ಯಾರ್ದು ಅಂತ ಗೊತ್ತಾಯ್ತು."