ಹಸುವಿನ ಹೊಟ್ಟೆಯಲ್ಲಿ ಸಿಕ್ಕ ಕನ್ನಡ

ಸಲಾಲಾದ ಕ್ಲಿನಿಕ್ಕಿನಲ್ಲಿ ಅದು ನನ್ನ ಮೊದಲ ವಾರ. ಫಿಜಿಯೋಥೆರಪಿ ಕೋಣೆಯ ಮಂಚದ ಮೇಲೆ ಮಲಗಿದ್ದ ವಯಸ್ಸಾದ ಹೆಂಗಸಿನ ಮೊಣಕಾಲನ್ನು ಮೆಲ್ಲಗೆ ಮಡಿಸುತ್ತ, ನೋಯುತ್ತಿದೆಯೇ ಎಂದು ಅರಬ್ಬಿಯಲ್ಲಿ ಕೇಳಿದೆ. ಆಕೆ ಉದ್ದಕ್ಕೆ ಏನೋ ಹೇಳಿದರು. ಒಂದು ಪದವೂ ಅರ್ಥವಾಗಲಿಲ್ಲ. ಮಸ್ಕತ್ತಿನ ಬೌಷರ್‌ನಲ್ಲಿದ್ದ ವರ್ಷಗಳಲ್ಲಿ ಕಷ್ಟಪಟ್ಟು ಕಲಿತಿದ್ದ ಅರಬ್ಬಿಯೆಲ್ಲ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತೇ ಎಂದು ಗಾಬರಿಯಾಯಿತು.

ರಿಸೆಪ್ಶನ್ನಿನಲ್ಲಿ ಕೂರುವ ಸಲ್ಮಾ ಓಡಿಬಂದಳು. ಅವಳು ಆ ಹೆಂಗಸಿನ ಮಗಳು. "ಇದು ಅರಬ್ಬಿ ಅಲ್ಲ," ಎಂದಳು.

"ಮತ್ತೆ?"

"ನಮ್ಮ ಮಾತು. ಈ ಗುಡ್ಡದ್ದು. ಅಮ್ಮನಿಗೆ ಅರಬ್ಬಿ ಬರುತ್ತದೆ. ನೋವಾದಾಗ ಬರುವುದಿಲ್ಲ."

ಒಮಾನ್ ಎಂದರೆ ಅರಬ್ಬಿ ಎಂದು ತಿಳಿದಿದ್ದ ನನಗೆ ಇದು ಹೊಸದು. ಸಲಾಲಾದ ಬೆನ್ನಿಗೆ ನಿಂತ ಬೆಟ್ಟಗಳಲ್ಲಿ ದನ, ಒಂಟೆ ಸಾಕಿಕೊಂಡು ಬಂದವರಿಗೆ ಬೇರೆಯದೇ ಆದ, ಬಹಳ ಹಳೆಯ ಭಾಷೆಯಿದೆ. ಹೊರಗಿನವರು ಅದನ್ನು ಜಿಬ್ಬಾಲಿ, ಅಂದರೆ ಬೆಟ್ಟದ್ದು, ಎನ್ನುತ್ತಾರೆ. ಅದನ್ನಾಡುವವರಲ್ಲಿ ಅನೇಕರು ಶಹ್ರಿ ಎನ್ನುತ್ತಾರೆ. ಶಾಲೆಯಲ್ಲೂ ಕಚೇರಿಯಲ್ಲೂ ಅದು ಕಾಣಿಸುವುದಿಲ್ಲ. ಕೇಳಿದ ಕೂಡಲೇ ನನಗೆ ಏನೋ ನಂಟು ಸಿಕ್ಕಂತಾಯಿತು. ನಾನು ಕಾರ್ಕಳದ ಕಡೆಯವಳು. ಮನೆಮಾತು ತುಳು, ಶಾಲೆಯ ಮಾತು ಕನ್ನಡ. "ನಮ್ಮದೂ ಹೀಗೇ, ಮನೆಯಲ್ಲೊಂದು, ಹೊರಗೊಂದು," ಎಂದು ಸಲ್ಮಾಗೆ ಉತ್ಸಾಹದಿಂದ ವಿವರಿಸಿದೆ.

ಅವಳು ಕೇಳಿಸಿಕೊಂಡು, "ಹಾಗಾದರೆ ನಿಮ್ಮೂರಿನ ಮೊದಲ ಜನ ನೀವೇನಾ?" ಎಂದಳು.

ಹೌದೆನ್ನಲು ಬಾಯಿ ತೆರೆದಾಗಲೇ ಕೊರಗರ ನೆನಪಾಯಿತು. ನಮ್ಮ ಕಡೆ ನಮಗಿಂತ ಮೊದಲಿನಿಂದ ಇದ್ದವರು ಅವರು. ಅವರಿಗೂ ಅವರದೇ ಭಾಷೆಯಿದೆ ಎಂದು ಕೇಳಿಬಲ್ಲೆ. ಅದರ ಒಂದು ಪದವೂ ನನಗೆ ಗೊತ್ತಿಲ್ಲ. ಒಂದು ಕಡೆಯಿಂದ ನೋಡಿದರೆ ನಾನು ಸಲ್ಮಾಳ ಹಾಗೆ, ಇನ್ನೊಂದು ಕಡೆಯಿಂದ ನೋಡಿದರೆ ಸಲ್ಮಾಳ ಬೆಟ್ಟಕ್ಕೆ ಆಮೇಲೆ ಬಂದವರ ಹಾಗೆ. ಇಲ್ಲಿಯಂತೂ ನಾನು ವೀಸಾದ ಮೇಲಿರುವವಳು. ಯಾವ ಕಡೆ ನಿಂತು ಉತ್ತರ ಕೊಡಬೇಕೆಂದು ಅಂದೂ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ.

ಗೊಂದಲವನ್ನು ಹೆಚ್ಚಿಸಲೆಂಬಂತೆ ಈ ಊರು ನಮ್ಮೂರಿನ ವೇಷ ಹಾಕಿಕೊಂಡಿದೆ. ನಾವು ಬಾಡಿಗೆಗಿರುವ ಮನೆಯ ಹಿಂದೆ ತೆಂಗಿನ ತೋಟ, ರಸ್ತೆ ಬದಿಯಲ್ಲಿ ಎಳನೀರು, ಬಾಳೆಗೊನೆ. ಗಲ್ಫ್ ಇಡೀ ಬಿಸಿಲಿಗೆ ಕಾಯುವ ತಿಂಗಳುಗಳಲ್ಲಿ ಇಲ್ಲಿ ಖರೀಫ್, ಅಂದರೆ ತುಂತುರು ಮಳೆಗಾಲ. ನಮ್ಮಲ್ಲಿ ಮಳೆ ಸದ್ದು ಮಾಡುತ್ತದೆ. ಇಲ್ಲಿಯದು ಮಂಜಿನಂತೆ ಬಂದು ತಲೆಗೂದಲ ಮೇಲೆ ಕೂರುತ್ತದೆ. ಕೆಲವೇ ವಾರಗಳಲ್ಲಿ ಕಂದು ಬೆಟ್ಟಗಳು ಹಸಿರಾಗುತ್ತವೆ. ಹಸಿರು ಕಂಡರೆ ನಮ್ಮವರಿಗೆ ಊರೇ ಕಂಡಂತೆ. ಚಾಪೆ ಹಿಡಿದು ಹೊರಡುತ್ತಾರೆ.

ಆ ವರ್ಷ ನಾವೂ ಹೊರಟೆವು. ಇಲ್ಲಿನ ಕನ್ನಡದ ಮನೆಗಳೆಲ್ಲ ಸೇರಿ ಬೆಟ್ಟದ ಒಂದು ಹುಲ್ಲುಗಾವಲಿನಲ್ಲಿ ಚಾಪೆ ಹಾಸಿ, ಚರುಮುರಿ ಕಲಸಿ, ಹುರಿದ ಬಂಗುಡೆ ಮೀನು ತಿಂದು, ಮಕ್ಕಳನ್ನು ಓಡಲು ಬಿಟ್ಟೆವು. ಹೊರಡುವಾಗ ಕಸವನ್ನೆಲ್ಲ ಚೀಲಕ್ಕೆ ತುಂಬಿ, ಗಂಟು ಹಾಕಿ, ತುಂಬಿ ತುಳುಕುತ್ತಿದ್ದ ತೊಟ್ಟಿಯ ಪಕ್ಕದಲ್ಲಿಟ್ಟು ಬಂದೆವು. ಶಿಸ್ತಿನ ಜನ ನಾವು ಎಂಬ ಸಮಾಧಾನವೂ ಇತ್ತು.

ಖರೀಫ್ ಮುಗಿಯುವ ಹೊತ್ತಿಗೆ ಸಲ್ಮಾ ಕೆಲವು ದಿನ ಕೆಲಸಕ್ಕೆ ಬರಲಿಲ್ಲ. ಬಂದವಳು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಫೋಟೋದಲ್ಲಿ ಹುಲ್ಲಿನ ಮೇಲೆ ಪ್ಲಾಸ್ಟಿಕ್ಕಿನ ಒದ್ದೆ ಮುದ್ದೆ, ಅದರಿಂದ ಬಿಡಿಸಿ ಹರವಿದ ಒಂದು ಪ್ಯಾಕೆಟ್ಟು.

"ಅಮ್ಮನ ಹಸು ಎದ್ದು ನಿಲ್ಲಲಿಲ್ಲ. ಪ್ರಾಣ ಹೋಗುವ ಮೊದಲು ಕೊಯ್ಯಬೇಕಾಯಿತು. ಇದು ಹೊಟ್ಟೆಯಲ್ಲಿತ್ತು," ಎಂದಳು. "ಈ ಅಕ್ಷರ ಯಾವುದು? ಹಿಂದಿ ಅಲ್ಲ, ಮಲಯಾಳಿ ಅಲ್ಲ. ಇಬ್ಬರನ್ನೂ ಕೇಳಿದೆ."

ಬಣ್ಣ ಮಾಸಿದ್ದರೂ ಓದಬಹುದಾಗಿತ್ತು. 'ಬೆಣ್ಣೆ ಚಕ್ಕುಲಿ'.

"ನಮ್ಮದು," ಎಂದೆ.

ಸಂಜೆ ನಮ್ಮ ಕನ್ನಡ ಕೂಟದ ಹಿರಿಯರಾದ ಜಗದೀಶಣ್ಣನಿಗೆ ಫೋನ್ ಮಾಡಿದೆ. ಅವರಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. "ಎಂತ ಮಾರಾಯ್ರೆ ನೀವು, ನಮ್ಮದು ಅಂತ ಯಾಕೆ ಒಪ್ಪಿಕೊಂಡದ್ದು? ಚಕ್ಕುಲಿ ಯಾರು ಬೇಕಾದರೂ ತಿಂತಾರೆ. ಕಂಪ್ಲೇಂಟ್ ಆಗಿ ಕಫೀಲ್‌ನ ಕಿವಿಗೆ ಬಿದ್ದರೆ ಯಾರ ಕೆಲಸ ಹೋಗ್ತದೆ ಹೇಳಿ." ಕಫೀಲ್ ಎಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಯಜಮಾನ. ಅವನ ಹೆಸರೆತ್ತಿದರೆ ಇಲ್ಲಿ ಯಾವ ಮಾತೂ ಮುಗಿದುಹೋಗುತ್ತದೆ.

ಬಂದರಿನಲ್ಲಿ ಕೆಲಸ ಮಾಡುವ ನನ್ನ ಗಂಡ ರಮೇಶ ಎಲ್ಲ ಕೇಳಿಸಿಕೊಂಡು ಕೂತಿದ್ದರು. "ದಾನೆ ಮಲ್ಪುನಿ?" ಎಂದೆ, ಏನು ಮಾಡುವುದು ಎಂದು.

"ಹೋಗುವ," ಎಂದರು. "ಬಯ್ದರೆ ಬಯ್ಸಿಕೊಳ್ಳುವ."

ಸಲ್ಮಾಗೆ ಮೊದಲೇ ತಿಳಿಸಿ, ಶುಕ್ರವಾರ ಮಧ್ಯಾಹ್ನ ಅವಳ ಮನೆಗೆಂದು ಬೆಟ್ಟ ಹತ್ತಿದೆವು. ಸಲ್ಮಾ ಬಾಗಿಲಲ್ಲಿ ನಿಂತಿದ್ದಳು. ಅವಳ ತಾಯಿ, ಎಲ್ಲರೂ ಉಮ್ ಸಯೀದ್ ಎಂದು ಕರೆಯುವ ನನ್ನ ಪೇಷಂಟು, ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ನಾನು ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಅರಬ್ಬಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದನ್ನು ಹೇಳುವ ಮೊದಲೇ ನಮ್ಮ ಮುಂದೆ ಅಗಲವಾದ ತಟ್ಟೆ ಬಂತು. ಅನ್ನ, ಅದರ ಮೇಲೆ ಮಾಂಸ.

ರಮೇಶ ನನ್ನ ಮುಖ ನೋಡಿದರು. ಕೊಯ್ದ ಹಸುವನ್ನು ನೆಂಟರಿಗೆಲ್ಲ ಹಂಚಿದ್ದರು. ನಮ್ಮ ಪಾಲನ್ನೂ ತೆಗೆದಿಟ್ಟಿದ್ದರು. ಮೀನು, ಕೋಳಿ ತಿನ್ನುವ ಮನೆಯವರು ನಾವು, ದನ ಮಾತ್ರ ತಿನ್ನುವುದಿಲ್ಲ. ಯಾರ ಹಸು ನಮ್ಮಿಂದ ಸತ್ತಿತೋ ಅವರೇ ಆ ಹಸುವನ್ನು ಬಡಿಸಿದ್ದಾರೆ. ತಿಂದರೆ ನಮ್ಮ ಮನೆಗೆ ಮುಖ ತೋರಿಸುವುದು ಹೇಗೆ, ತಿನ್ನದಿದ್ದರೆ ಈ ಮನೆಗೆ? ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಸಾಮಿಹೀನಿ," ಎಂದೆ. ಕ್ಷಮಿಸಿ. "ಇದನ್ನು ನಾವು ತಿನ್ನುವುದಿಲ್ಲ."

ಉಮ್ ಸಯೀದ್ ತಟ್ಟೆಯನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. ನಂತರ ಅರಬ್ಬಿಯಲ್ಲೇ ಹೇಳಿದರು: "ನಾನೂ ತಿನ್ನಲಿಲ್ಲ. ಹಾಲು ಕರೆಯುವಾಗ ಅದಕ್ಕೆ ಹಾಡುತ್ತಿದ್ದೆ. ಹಾಡದಿದ್ದರೆ ಹಾಲು ಬಿಡುತ್ತಿರಲಿಲ್ಲ."

ಒಳಗಿನಿಂದ ಹಾಲು ಬಂತು. ಅದಕ್ಕೆ ಅವರ ಮಾತಿನಲ್ಲಿ ನುಶುಬ್ ಎನ್ನುತ್ತಾರೆ. ನಡುವಿನ ಅಕ್ಷರವನ್ನು ನಾನು 'ಶ' ಎಂದು ಬರೆದೆನಾದರೂ ಅದು 'ಶ' ಅಲ್ಲ; ಗಾಳಿ ನಾಲಗೆಯ ಪಕ್ಕದಿಂದ ಜಾರಬೇಕು. ನಾನು ಹೇಳಲು ಹೋಗಿ ತಪ್ಪಿದಾಗ ಸಲ್ಮಾ ನಕ್ಕಳು, ಅವಳ ತಾಯಿ ನಗಲಿಲ್ಲ. ನಾವು ಹಾಲು ಕುಡಿದೆವು. ಕಸದ ಚೀಲ ಎಲ್ಲಿಟ್ಟೆವೆಂಬುದನ್ನು ರಮೇಶ ಮುಚ್ಚುಮರೆಯಿಲ್ಲದೆ ಹೇಳಿದರು. ಉಮ್ ಸಯೀದ್ ಬೆಟ್ಟದ ಮಾತಿನಲ್ಲಿ ಏನೋ ಹೇಳಿ ಕಣ್ಣು ಮುಚ್ಚಿಕೊಂಡರು.

"ಕ್ಷಮಿಸಬೇಕಾದದ್ದು ಹಸು, ಅದೇ ಈಗ ಇಲ್ಲ ಎನ್ನುತ್ತಾಳೆ ಅಮ್ಮ," ಎಂದಳು ಸಲ್ಮಾ. "ಮುಂದಿನ ಖರೀಫ್‌ನಲ್ಲಿ ಚಾಪೆ ಹಾಸುವ ಮೊದಲು ಈ ಬಾಗಿಲಿಗೆ ಬಂದು ಕೇಳಬೇಕಂತೆ."

ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ಇಳಿಯುವಾಗ ನಾವಿಬ್ಬರೂ ಚರ್ಚಿಸಿದೆವು. ತೀರ್ಮಾನವಾಗಲಿಲ್ಲ.

ಮರುವರ್ಷ ಮಂಜು ಇಳಿದಾಗ ಈ ವಿಷಯವನ್ನು ಕೂಟದ ಮುಂದಿಟ್ಟೆ. "ಅದು ಸರ್ಕಾರದ ಜಾಗ ಅಲ್ವಾ? ಊರಿಡೀ ಹೋಗ್ತದೆ, ನಾವು ಮಾತ್ರ ಯಾಕೆ ಕೇಳುವುದು?" ಎಂದರು ಒಬ್ಬರು. "ನೀವು ಯಾರ ಪರ ಮಾತಾಡುವುದು?" ಎಂದರು ಇನ್ನೊಬ್ಬರು. ಅಷ್ಟರಲ್ಲಿ ಜಗದೀಶಣ್ಣ, ಯಾಕೋ ಏನೋ, "ಕೇಳಿದರೆ ಗಂಟೇನು ಹೋಗ್ತದೆ? ಕೇಳುವ," ಎಂದರು. ಅಡುಗೆ ಕಟ್ಟಿಕೊಂಡು, ಕಸಕ್ಕೆ ಡಬ್ಬಗಳನ್ನೂ ಇಟ್ಟುಕೊಂಡು ಕಾರುಗಳು ಹೊರಟವು. ಅವನ್ನು ರಸ್ತೆಯಲ್ಲೇ ನಿಲ್ಲಿಸಿ ನಾನೊಬ್ಬಳೇ ಏರು ಹತ್ತಿ ಬಾಗಿಲು ತಟ್ಟಿದೆ.

ಉಮ್ ಸಯೀದ್ ಕೋಲೂರಿ ಹೊರಗೆ ಬಂದರು. ಕೆಳಗೆ ನಿಂತ ಕಾರುಗಳನ್ನೂ, ಕಿಟಕಿಯಲ್ಲಿ ಕಾಣುವ ಮಕ್ಕಳ ತಲೆಗಳನ್ನೂ ಬಹಳ ಹೊತ್ತು ನೋಡಿದರು.

"ಈ ವರ್ಷ ಬೇಡ," ಎಂದರು. "ಹುಲ್ಲು ಇನ್ನೂ ಎಳೆಯದು. ದನ ಮೊದಲು."

ಕೇಳುವುದೆಂದರೆ ಹೂಂ ಎನ್ನಿಸಿಕೊಳ್ಳುವುದು ಎಂದೇ ನಾನು ಅಂದುಕೊಂಡಿದ್ದೆ. ಇಲ್ಲ ಎಂಬ ಉತ್ತರಕ್ಕೆ ನಾವು ಯಾರೂ ತಯಾರಾಗಿ ಬಂದಿರಲಿಲ್ಲ. ನನಗಾದದ್ದು ಅವಮಾನವೋ, ಸರಿಯಾದದ್ದೇ ಆಯಿತೆಂಬ ಸಮಾಧಾನವೋ, ಬಿಡಿಸಿ ಹೇಳಲಾರೆ.

ಅವರು ಬಾಗಿಲನ್ನು ಇನ್ನಷ್ಟು ತೆರೆದು ಒಂದು ಬದಿಗೆ ಸರಿದರು. "ನೀನು ಬಾ. ಚಹಾ ಇದೆ."

ಹೊಸ್ತಿಲಲ್ಲಿ ನಿಂತೆ. ಒಳಗೆ ಬೆಚ್ಚಗಿತ್ತು. ಕೆಳಗೆ ಯಾರೋ ಹಾರ್ನ್ ಹೊಡೆದರು. ಈ ಊರಿಗೆ ಬಂದಮೇಲೆ ಯಾರಾದರೂ ನನ್ನನ್ನು ಹೀಗೆ ಒಳಗೆ ಕರೆಯಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೋ ನನಗೇ ಗೊತ್ತು.

"ಇವತ್ತು ಅವರ ಜೊತೆ ಬಂದಿದ್ದೇನೆ," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಬಾಗಿಲನ್ನು ಮಾತ್ರ ಹಾಕಲಿಲ್ಲ.

ಇಳಿದು ಬಂದಾಗ ಜಗದೀಶಣ್ಣ ಕಿಟಕಿ ಇಳಿಸಿದರು. "ಎಂತ ಅಂತೆ?"

"ಈ ಸಲ ಬೇಡ ಅಂತೆ."

"ಯಾರು ಹೇಳಿದ್ದು, ಪೊಲೀಸರಾ?"

"ಅಲ್ಲ," ಎಂದೆ. "ಮನೆಯವರು."

ಅವರು ಗಾಜಿನ ಮೇಲೆ ಕೂತಿದ್ದ ಹನಿಗಳನ್ನು ವೈಪರಿನಿಂದ ಒರೆಸಿದರು. ಆಮೇಲೆ ಗಾಡಿ ತಿರುಗಿಸಿದರು. ಹಿಂದಿನ ಕಾರುಗಳೂ ಒಂದೊಂದಾಗಿ ತಿರುಗಿದವು. ಬಿಸಿ ಅಡುಗೆಯ ಪಾತ್ರೆಗಳನ್ನು ಕಾಲ ನಡುವೆ ಒತ್ತಿ ಹಿಡಿದು, ನಾನು ನಮ್ಮವರ ಜೊತೆ ಬೆಟ್ಟ ಇಳಿದೆ.