ಹಾಜೆರ್ ಉಸ್ತಾ ಬಿಟ್ಟುಕೊಡದ ಪ್ಲೇಟು

ನಮ್ಮ ಹಿರಿಯ ಮೇಸ್ತ್ರಿ ಹಾಜೆರ್ ಉಸ್ತಾಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಹೆರಿಗೆ ರಜೆ ಮುಗಿಸಿ ಟರ್ಕಿಯ ಎಸ್ಕಿಶೆಹಿರ್‌ನ ನಮ್ಮ ಕಾರ್ಖಾನೆಗೆ ಮರಳಿದ ದಿನವೇ ಎಲ್ಲರೆದುರು, "ಹಾಲು ಹಿಂಡೋಕೆ ಬಂದ್ಯಾ, ಅಳತೆ ನೋಡೋಕೆ ಬಂದ್ಯಾ?" ಎಂದಿದ್ದಳು.

ಐವತ್ತೆರಡರ ವಿಧವೆ. ಅಪ್ಪ ಮೆತ್ತನೆಯ ಬಿಳಿಗಲ್ಲಿನಲ್ಲಿ ತಂಬಾಕು ಸೇದುವ ಕೊಳವೆ ಕೆತ್ತುತ್ತಿದ್ದವನು. ಒದ್ದೆ ಕಲ್ಲನ್ನು ಅವಸರದಿಂದ ಒಣಗಿಸಿದರೆ ಸೀಳುತ್ತದೆಂದು ಆಕೆ ಚಿಕ್ಕಂದಿನಲ್ಲೇ ಏಟು ತಿಂದು ಕಲಿತಿದ್ದಳು. ನಮ್ಮಲ್ಲಿ ಲೇಸರ್ ಯಂತ್ರ ಅಲ್ಯೂಮಿನಿಯಂ ಪುಡಿಯನ್ನು ಪದರ ಪದರವಾಗಿ ಕರಗಿಸಿ ಬ್ಯಾಟರಿ ಪೆಟ್ಟಿಗೆ ಕಟ್ಟುತ್ತದೆ; ಗೋಡೆ ಮುಕ್ಕಾಲು ಮಿಲಿಮೀಟರ್ ದಪ್ಪ. ಉಗುರಿನಿಂದ ತಟ್ಟಿ, ಒಳಗೆ ಪುಡಿ ಉಳಿದಿದೆಯೇ ಎಂದು ಹೇಳಬಲ್ಲವಳು ಆಕೆಯೊಬ್ಬಳೇ. ಪಿಂಚಣಿಗೆ ಇನ್ನೆರಡು ವರ್ಷವಿತ್ತು.

ಬೈರಾಮ್ ಹಬ್ಬದ ಹಿಂದಿನ ದಿನ ಕಾರ್ಖಾನೆಗೆ ಮಧ್ಯಾಹ್ನ ಒಂದು ಗಂಟೆಗೇ ಬೀಗ. ಹನ್ನೊಂದಕ್ಕೆ ಎಂಟು ಪೆಟ್ಟಿಗೆ ಅಂಟಿಕೊಂಡಿದ್ದ ಪ್ಲೇಟು ಯಂತ್ರದಿಂದ ಹೊರಬಂತು. ಪ್ಲೇಟಿನ ಮೇಲಿರುವಾಗಲೇ ಕುಲುಮೆಯಲ್ಲಿ ಕಾಯಿಸಿ ಆರಿಸಿದರೆ ಮಾತ್ರ ಗೋಡೆಯೊಳಗಿನ ಸೆಳೆತ ಇಳಿಯುವುದು. ಅದಕ್ಕೆ ಆರು ಗಂಟೆ ಬೇಕು. ಗಿರಾಕಿಯ ವ್ಯಾನು ಆಗಲೇ ಗೇಟಿನಲ್ಲಿತ್ತು.

"ಕೊಯ್ದು ಕಳಿಸಿ. ಕಾಯಿಸೋದನ್ನ ಅವರೇ ಮಾಡ್ಕೊಳ್ಳಲಿ," ಎಂದ ಮ್ಯಾನೇಜರ್ ಓರ್ಕುನ್ ಬೇ.

"ಕೊಯ್ದ್ ಮೇಲೆ ಕಾಯಿಸೋದು, ಒಡೆದ ಮಡಕೆ ಸುಟ್ಟಂಗೆ."

"ಇದು ನಿಮ್ಮಪ್ಪನ ಕಲ್ಲಿನ ಅಂಗಡಿ ಅಲ್ಲ, ಉಸ್ತಾ."

"ನಿಮ್ಮಪ್ಪಂದೂ ಅಲ್ಲ, ಓರ್ಕುನ್ ಬೇ."

ಅವನ ಕಿವಿ ಕೆಂಪಾಯಿತು. "ವ್ಯಾನು ಖಾಲಿ ಹೋದ್ರೆ, ಹಬ್ಬ ಮುಗಿದ್ಮೇಲೆ ನೀವು ಬರೋದೇ ಬೇಡ."

ತಾನೇ ಗರಗಸ ಚಾಲೂ ಮಾಡಿ ಮೊದಲ ಪೆಟ್ಟಿಗೆ ಕೊಯ್ದ. ಕೊನೆಯ ಅಂಚು ಬಿಡುತ್ತಲೇ ಟಿಕ್ಕೆಂದಿತು; ಕಾವಲಿಯ ಮೇಲಿನ ತೆಳು ರೊಟ್ಟಿಯ ಹಾಗೆ ಗೋಡೆಯ ತುದಿ ಮೇಲೆದ್ದಿತು. ಅಳೆದೆ. ಒಂದೂವರೆ ಮಿಲಿಮೀಟರ್ ಸೊಟ್ಟ.

"ಸರಿಯಿದೆ ಅಂತ ಬರಿ," ಎಂದ ನನಗೆ.

ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ ಹಾಜೆರ್ ಗರಗಸ ನಿಲ್ಲಿಸಿ, ಪ್ಲೇಟನ್ನು ಗಾಡಿಗೆಳೆದುಕೊಂಡು ಕುಲುಮೆಯತ್ತ ತಳ್ಳುತ್ತಿದ್ದಳು. "ಉಳಿದ ಏಳಕ್ಕೆ ಕೈ ಹಚ್ಚಿದ್ರೆ ಮುರೀತೀನಿ!"

"ಹಂಗಾದ್ರೆ ಇಲ್ಲೇ ಬಿದ್ದಿರಿ." ಅವನು ವ್ಯಾನು ಕಳಿಸಿ ಹೊರಟುಹೋದ.

ನಾನೂ ಉಳಿಯಲೇ ಎಂದು ಕೇಳಿದೆ. "ನೀನಿದ್ದು ಏನ್ ಕಿಸೀತೀಯ? ಮಗು ಅಳ್ತಿರುತ್ತೆ, ನಡಿ."

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಏಳನ್ನೂ ಕೊಯ್ದೆವು. ಕೂದಲೆಳೆಯಷ್ಟೂ ಬಾಗಿರಲಿಲ್ಲ. ಅದೇ ಹೊತ್ತಿಗೆ ಗೇಟಿನಲ್ಲಿ ಹಾಜೆರಳ ಕಾರ್ಡು ಬಾಗಿಲು ತೆರೆಯಲಿಲ್ಲ. ಅಲ್ಲಿಂದಲೇ ನನಗೆ ಫೋನು ಮಾಡಿದಳು.

"ಗೋಡೆ ನೆಟ್ಟಗಿದ್ವಾ?"

"ಏಳೂ ನೆಟ್ಟಗಿವೆ, ಅಕ್ಕಾ."

"ಅಕ್ಕ ಗಿಕ್ಕ ಅಂತೆಲ್ಲ ಬೆಣ್ಣೆ ಹಚ್ಚಬೇಡ. ಅಳತೆ ಕಾಗದದಲ್ಲಿ ಕಾಯಿಸಿದವರು ಅನ್ನೋ ಕಡೆ ನನ್ನ ಹೆಸರಿರಲಿ. ಆ ಮನುಷ್ಯಂದು ಬರೆದ್ಯೋ, ನಿನ್ನ ಮನೆ ಬಾಗಿಲಿಗೇ ಬಂದು ಕೂಗಾಡ್ತೀನಿ."

ಓರ್ಕುನ್ ಬೇ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಏಳು ಕಾಗದದಲ್ಲೂ ಆಕೆಯ ಹೆಸರನ್ನೇ ಬರೆದೆ.