ಅಮೂಲ್ಯ ಸಲಹೆಗೆ ಧನ್ಯವಾದ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ಜರ್ನಲ್‌ಗೆ ಬರುವ ಲೇಖನಗಳನ್ನು ಅಚ್ಚಾಗುವ ಮೊದಲೇ ಓದಿ ತಪ್ಪು ತೋರಿಸುವ ಕೆಲಸವೂ ನನ್ನ ತಲೆ ಮೇಲೆ ಬೀಳುತ್ತದೆ. ಸಂಬಳವಿಲ್ಲ, ಹೆಸರೂ ಹಾಕಲ್ಲ. ಬೇಡ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ.

ಈಚೆಗೆ ಬೋರ್‌ವೆಲ್ ನೀರಿನ ಬಗ್ಗೆ ಒಂದು ಲೇಖನ ಬಂತು. ಆ ಭಾನುವಾರ ಚಿಕ್ಕಲಸಂದ್ರದಲ್ಲಿ ನಾದಿನಿಯ ಮನೆ ಗೃಹಪ್ರವೇಶ. ಊಟಕ್ಕೂ ಹೋಗದೆ ಕೂತು ಪ್ರತಿ ಲೆಕ್ಕವನ್ನೂ ಮತ್ತೆ ಹಾಕಿದೆ. ನಾದಿನಿ ಇನ್ನೂ ಮುಖ ಕೊಟ್ಟು ಮಾತಾಡಲ್ಲ. ಆದರೆ ತಪ್ಪು ಸಿಕ್ಕಿತು: ಎರಡನೇ ಕೋಷ್ಟಕದಲ್ಲಿ ಫ್ಲೋರೈಡ್ ಅಂಕಿಯ ದಶಮಾಂಶದ ಚುಕ್ಕೆ ಒಂದು ಸ್ಥಾನ ಎಡಕ್ಕೆ ಸರಿದಿತ್ತು. ಕುಡಿಯಬಾರದ ನೀರು ಕುಡಿಯುವ ನೀರಾಗಿತ್ತು! ನಾಲ್ಕು ಪುಟ ಬರೆದು ಕಳಿಸಿದೆ. ಒಂದು ಕೆಲಸ ನೆಟ್ಟಗೆ ಮಾಡಿದೆ ಅನ್ನೋ ಸಮಾಧಾನ ಇತ್ತು.

ಮೊನ್ನೆ ಲೇಖನ ಅಚ್ಚಾಯಿತು. ನನಗೆ ಬಂದ ಲೇಖಕರ ಉತ್ತರದಲ್ಲಿ 'ಅಮೂಲ್ಯ ಸಲಹೆಗೆ ಧನ್ಯವಾದ' ಅಂತಿತ್ತು. ಕೋಷ್ಟಕ ತೆಗೆದು ನೋಡಿದರೆ ಚುಕ್ಕೆ ಅಲ್ಲೇ ಇದೆ! ಮೈಯೆಲ್ಲ ಉರಿದುಹೋಯಿತು. ಓದದೇ ಧನ್ಯವಾದ ಹೇಳೋಕೆ ನಾಚಿಕೆ ಆಗಲ್ವಾ ಇವರಿಗೆ? ಸಂಪಾದಕರಾದರೂ ನೋಡಬಾರದಾ?

ಸಂಪಾದಕರಿಗೆ ಬರೆದೆ. ಉತ್ತರದ ಬದಲು ಒಂದು ಸಮೀಕ್ಷೆ ಬಂತು: 'ವಿಮರ್ಶಕರಾಗಿ ನಿಮಗೆ ಎಷ್ಟು ತೃಪ್ತಿ? ಐದು ಸ್ಟಾರ್‌ಗಳಲ್ಲಿ ತಿಳಿಸಿ.'

"ಏನೋ ಒಂದು ಒತ್ತಿ ಮುಗಿಸೇ" ಅಂದರು ನನ್ನ ಗಂಡ.

ಒತ್ತಲಿಲ್ಲ. ಕೆಳಗಿದ್ದ ಖಾಲಿ ಜಾಗದಲ್ಲಿ ಬರೆದೆ: "ನಿಮ್ಮ ಐದೂ ಸ್ಟಾರ್ ನೀವೇ ಇಟ್ಕೊಳ್ಳಿ. ಆ ಒಂದು ಚುಕ್ಕೆ ಅದರ ಜಾಗದಲ್ಲಿಡಿ, ಸಾಕು."